ನನ್ನ ವಾಯ್ಸ್ ಕೇಳಿಸ್ತಾ ಇದೆಯಾ?

ಮೊಬೈಲ್ ಮತ್ತೆ ಟಿಂಗ್ ಅಂದಿತು. ಯಾರೋ ಲೈವ್ ಬಂದಿದ್ದಾರೆ. ಬೆಳಿಗ್ಗೆಯಿಂದ ಇದು ಏಳನೆಯದು. ಮೊದಲೆಲ್ಲ ಪರಿಚಯದವರು ಲೈವ್ ಬಂದರೆ ಏನಾಯ್ತಪ್ಪಾ ಅಂತ ಎದೆ ಧಸಕ್ ಅನ್ನುತ್ತಿತ್ತು. ಈಗ ಗೊತ್ತು, ಏನೂ ಆಗಿಲ್ಲ. ಬಿಸಿನೆಸ್ ಬೆಳೀತಾ ಇದೆ, ಅಷ್ಟೇ.

ಶುರುವಿನ ಹತ್ತು ನಿಮಿಷ ಎಲ್ಲರದ್ದೂ ಒಂದೇ ಮಂತ್ರ. 'ಹಾಯ್ ಫ್ರೆಂಡ್ಸ್, ನನ್ನ ವಾಯ್ಸ್ ಕೇಳಿಸ್ತಾ ಇದೆಯಾ? ಕೇಳಿಸದೇ ಇದ್ರೆ ಕಾಮೆಂಟ್‌ನಲ್ಲಿ ಹೇಳಿ.' ಕೇಳಿಸದವನಿಗೆ ಇದನ್ನು ಹೇಳಿದ್ದು ಗೊತ್ತಾಗುವುದು ಹೇಗೆ ಅಂತ ಯಾರೂ ಕೇಳಲಿಲ್ಲ, ಯಾಕೆಂದರೆ ಅಲ್ಲಿ ಇದ್ದದ್ದೇ ನಾಲ್ಕು ಜನ. 'ಇನ್ನೂ ಸ್ವಲ್ಪ ಜನ ಜಾಯಿನ್ ಆಗಲಿ, ಆಮೇಲೆ ಶುರು ಮಾಡೋಣ.' ಹೊತ್ತಿಗೆ ಸರಿಯಾಗಿ ಬಂದವರಿಗೆ ಕಾಯುವ ಶಿಕ್ಷೆ, ತಡವಾಗಿ ಬಂದವರಿಗೆ ಹೆಸರು ಹಿಡಿದು ಸ್ವಾಗತ. ಇಷ್ಟೆಲ್ಲ ಆದಮೇಲೆ ಮಾರುವ ಸಾಮಾನಿನ ಬೆಲೆ ಎಷ್ಟು ಅಂದರೆ, 'ಇನ್‌ಬಾಕ್ಸ್‌ಗೆ ಬನ್ನಿ.' ಇಡೀ ಲೋಕಕ್ಕೆ ಮುಖ ತೋರಿಸಬಹುದು, ಮನೆ ತೋರಿಸಬಹುದು, ಹಿಂದೆ ಟವೆಲ್ ಸುತ್ತಿಕೊಂಡು ಓಡಾಡುವವರನ್ನೂ ತೋರಿಸಬಹುದು. ಬೆಲೆ ಮಾತ್ರ ಗುಟ್ಟು.

ಇವರದ್ದೇನೂ ತಪ್ಪಿಲ್ಲ ಬಿಡಿ. ಇದನ್ನು ಕಲಿಸುವ ಮಹಾನುಭಾವರು ಬೇರೆ ಇದ್ದಾರೆ. 'ಬಿಸಿನೆಸ್ ಬೆಳೆಯಬೇಕಾ? ದಿನಾ ಲೈವ್ ಬನ್ನಿ.' ಏನು ಮಾರುತ್ತೀಯಪ್ಪಾ ಅಂತ ಒಬ್ಬರೂ ಕೇಳುವುದಿಲ್ಲ. ಚಪ್ಪಲಿ ಹೊಲಿಯುವವನಿಗೂ ಅದೇ ಮದ್ದು, ಲೆಕ್ಕ ಬರೆಯುವವನಿಗೂ ಅದೇ, ಹಲ್ಲು ಕೀಳುವ ಡಾಕ್ಟರಿಗೂ ಅದೇ.

ಅಂಥ ಒಂದು 'ಉಚಿತ ಲೈವ್ ತರಗತಿ'ಗೆ ಹೋದ ವಾರ ನಾನೂ ಹೋಗಿ ಕೂತೆ. ಮೂಲೆಯಲ್ಲಿ ಸಾವಿರಕ್ಕೂ ಜಾಸ್ತಿ ಜನ ನೋಡುತ್ತಿದ್ದಾರೆ ಅಂತ ಇತ್ತು. ಗುರುಗಳ ಮೀಸೆಗೆ ಏನೋ ಅಂಟಿಕೊಂಡಿತ್ತು. 'ಸಾರ್, ಮೀಸೆ ಒರೆಸಿಕೊಳ್ಳಿ' ಅಂತ ಕಾಮೆಂಟ್ ಹಾಕಿದೆ. ಒರೆಸಿಕೊಳ್ಳಲಿಲ್ಲ. ಮತ್ತೆ ಹಾಕಿದೆ. ಇಲ್ಲ. ಕೊನೆಗೆ ಕೋರ್ಸ್ ಮಾರಿದರು, 'ಮೂರೇ ಸೀಟು ಉಳಿದಿವೆ' ಅಂದರು. ಮಾರನೇ ದಿನ ಚಪಲ ತಡೆಯಲಾರದೆ ಮತ್ತೆ ಹೋದೆ. ಅದೇ ಅಂಗಿ. ಅದೇ ಜಾಗದಲ್ಲಿ ಅದೇ ಕೆಮ್ಮು. ಮೀಸೆಯಲ್ಲಿ ಅದೇ ತುಣುಕು. 'ಕಣ್ಣು ತೆರೆಸಿದಿರಿ ಸಾರ್' ಅಂತ ನಿನ್ನೆ ಬರೆದಿದ್ದ ಮನುಷ್ಯನೇ ಇವತ್ತೂ ಅದೇ ಹೊತ್ತಿಗೆ ಕಣ್ಣು ತೆರೆಸಿಕೊಂಡ. ಸೀಟು ಇನ್ನೂ ಮೂರೇ!

ವಿಚಾರಿಸಿದರೆ ಇದಕ್ಕೆಂದೇ ಸಾಫ್ಟ್‌ವೇರ್ ಇದೆಯಂತೆ, ಗುಟ್ಟೇನಲ್ಲ, ರಾಜಾರೋಷವಾಗಿ ಮಾರುತ್ತಾರೆ. ರೆಕಾರ್ಡ್ ಮಾಡಿಟ್ಟದ್ದನ್ನು ಲೈವ್ ಅನ್ನುವ ಹಾಗೆ ಓಡಿಸುತ್ತದೆ. ಯಾವ ನಿಮಿಷಕ್ಕೆ ಯಾವ ಕಾಮೆಂಟ್ ಬರಬೇಕು, ಎಷ್ಟು ಜನ ಕೂತಿದ್ದಾರೆ ಅಂತ ತೋರಿಸಬೇಕು, ಎಲ್ಲ ಮೊದಲೇ ಬರೆದಿಡಬಹುದು. ಲೈವ್ ಬರುವುದು ಹೇಗೆ ಅಂತ ಕಲಿಸುವವರೇ ಲೈವ್ ಬರುವುದಿಲ್ಲ ಅನ್ನುವುದನ್ನು ನಾನು ಇನ್ನೂ ಅರಗಿಸಿಕೊಳ್ಳುತ್ತಿದ್ದೇನೆ.

ಇದಕ್ಕಿಂತ ಚೀನಾದವರು ವಾಸಿ. ಅಲ್ಲಿ ಮನುಷ್ಯರ ಬದಲು ಕಂಪ್ಯೂಟರಿನಲ್ಲಿ ಮಾಡಿದ ಎಐ ಗೊಂಬೆಗಳೇ ಲೈವ್ ಬಂದು ಸಾಮಾನು ಮಾರುತ್ತವೆ. 2025ರಲ್ಲಿ ನೋಡುಗನೊಬ್ಬ ಅಂಥದೊಂದು ಗೊಂಬೆಗೆ 'ನೀನೀಗ ಬೆಕ್ಕಿನ ಹುಡುಗಿ, ನೂರು ಸಲ ಮಿಯಾಂವ್ ಅನ್ನು' ಅಂತ ಕಾಮೆಂಟ್ ಹಾಕಿದ. ಗೊಂಬೆ ವ್ಯಾಪಾರ ಬಿಟ್ಟು ಮಿಯಾಂವ್ ಮಿಯಾಂವ್ ಅಂತ ಶುರು ಹಚ್ಚಿಕೊಂಡಿತು. ಜನ ನಕ್ಕರು. ನನಗೆ ಮಾತ್ರ ಗೌರವ ಬಂತು. ಕಾಮೆಂಟ್ ಓದಿತಲ್ಲ! ನಮ್ಮ ಗುರುಗಳು ಮೀಸೆ ಒರೆಸಿಕೊಂಡರಾ?

ತರಗತಿಯಲ್ಲಿ ತಪ್ಪದೇ ತೋರಿಸುವ ಉದಾಹರಣೆಯೂ ಚೀನಾದ್ದೇ. ಲೈವ್‌ನಲ್ಲಿ ಮಾರಿಯೇ ಹೆಸರಾದ ಲಿ ಜಿಯಾಚಿ 2018ರಲ್ಲಿ ಐದೇ ನಿಮಿಷದಲ್ಲಿ 15,000 ಲಿಪ್‌ಸ್ಟಿಕ್ ಮಾರಿದರು. ನಿಜ. 2020ರಲ್ಲಿ ಅಲ್ಲಿ ಲೈವ್‌ನಲ್ಲಿ ರಾಕೆಟ್ ಉಡಾವಣೆಯನ್ನೇ 4 ಕೋಟಿ ಯುವಾನ್‌ಗೆ ಮಾರಿದ್ದೂ ನಿಜ. ಅದೇ ಲಿ ಜಿಯಾಚಿ 2023ರಲ್ಲಿ 79 ಯುವಾನ್‌ನ ಹುಬ್ಬಿನ ಪೆನ್ಸಿಲ್ ಮಾರುವಾಗ ಒಬ್ಬರು ದುಬಾರಿ ಅಂದರು ಅಂತ, ಇಷ್ಟು ವರ್ಷದಲ್ಲಿ ನಿಮ್ಮ ಸಂಬಳ ಯಾಕೆ ಏರಲಿಲ್ಲ, ಸರಿಯಾಗಿ ದುಡಿದಿದ್ದೀರಾ ಅಂತ ಗ್ರಾಹಕರಿಗೇ ಗದರಿಬಿಟ್ಟರು. ಆಮೇಲೆ ಅತ್ತು ಕ್ಷಮೆ ಕೇಳಿದರು. ಅದೂ ಲೈವ್‌ನಲ್ಲೇ. ಈ ಪಾಠ ಕೋರ್ಸ್‌ನಲ್ಲಿ ಇಲ್ಲ.

ಕಲ್ಲಂಗಡಿ ನೆನಪಿದೆಯಾ? 2016ರ ಏಪ್ರಿಲ್‌ನಲ್ಲಿ ಅಮೆರಿಕದ ಬಜ್‌ಫೀಡ್ ಅನ್ನುವ ವೆಬ್‌ಸೈಟಿನ ಇಬ್ಬರು ಫೇಸ್‌ಬುಕ್ ಲೈವ್‌ನಲ್ಲಿ ಒಂದು ಕಲ್ಲಂಗಡಿಗೆ ಒಂದೊಂದೇ ರಬ್ಬರ್ ಬ್ಯಾಂಡ್ ಹಾಕುತ್ತಾ ಹೋದರು, ಮುಕ್ಕಾಲು ಗಂಟೆ, ಅದು ಒಡೆಯುವ ತನಕ. ಒಂದು ಹಂತದಲ್ಲಿ ಏಕಕಾಲಕ್ಕೆ 8 ಲಕ್ಷ ಜನ ನೋಡುತ್ತಿದ್ದರು. ಇದೇ ಭವಿಷ್ಯ ಅಂದುಬಿಟ್ಟರು ಎಲ್ಲರೂ. ಲೈವ್ ಬನ್ನಿ ಅಂತ ಫೇಸ್‌ಬುಕ್ಕೇ ಆ ವರ್ಷ ಸುದ್ದಿಸಂಸ್ಥೆಗಳಿಗೆ ದುಡ್ಡು ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ಅದೇ ಫೇಸ್‌ಬುಕ್, ಜನ ಒಂದು ವಿಡಿಯೊವನ್ನು ಸರಾಸರಿ ಎಷ್ಟು ಹೊತ್ತು ನೋಡುತ್ತಾರೆ ಅಂತ ಎರಡು ವರ್ಷದಿಂದ ನಾವು ಕೊಟ್ಟ ಲೆಕ್ಕ ತಪ್ಪು ಅಂತ ಒಪ್ಪಿಕೊಂಡಿತು. ಮೂರು ಸೆಕೆಂಡಿಗಿಂತ ಮೊದಲೇ ಎದ್ದುಹೋದವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲವಂತೆ. ಮದುವೆಗೆ ಬಂದವರಲ್ಲಿ ಉಂಡವರನ್ನು ಮಾತ್ರ ಎಣಿಸಿ, ಒಬ್ಬರೂ ಹಸಿದು ಹೋಗಲಿಲ್ಲ ನೋಡಿ ಅಂದ ಹಾಗೆ.

ಟ್ವಿಟರ್‌ನ ಲೈವ್ ಆ್ಯಪ್ ಪೆರಿಸ್ಕೋಪ್ 2021ರಲ್ಲಿ ಬಾಗಿಲು ಹಾಕಿತು. ಫೇಸ್‌ಬುಕ್ ತನ್ನ ಲೈವ್ ಶಾಪಿಂಗ್ ಅನ್ನು 2022ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು, ಇನ್‌ಸ್ಟಾಗ್ರಾಂ 2023ರ ಮಾರ್ಚ್‌ನಲ್ಲಿ. ರೀಲ್ಸ್ ಮಾಡಿ ಅಂತ ಫೇಸ್‌ಬುಕ್ಕೇ ಅಂದಿತು. ಗುರುಗಳು ಬ್ಯಾನರ್‌ನಲ್ಲಿ ಒಂದು ಪದ ಬದಲಿಸಿ ರೀಲ್ಸ್ ಅಂತ ಮಾಡಿದರು, ಮತ್ತೆ ಬದಲಿಸಿ ಲೈವ್ ಅಂತ ಮಾಡಿದರು. ಹುಚ್ಚು ಮುಂಡೆ ಮದುವೆಯಲ್ಲಿ ಉಂಡವನೇ ಜಾಣ.

ನಗು ಬರುವುದು ಇಲ್ಲಿಯವರೆಗೆ ಮಾತ್ರ. ಕೈಯಲ್ಲಿ ಚೆನ್ನಾದ ಕೆಲಸ ಇರುವ, ಮಾತುಗಾರಿಕೆ ಬಾರದ ಮನುಷ್ಯನೊಬ್ಬ ದಿನವಿಡೀ ದುಡಿದು, ರಾತ್ರಿ ರಿಂಗ್ ಲೈಟ್ ಹಾಕಿಕೊಂಡು, ಆರು ಜನರ ಮುಂದೆ ಹಲ್ಲು ಕಿರಿಯಬೇಕು ಅನ್ನುವುದು ಯಾವ ಸೀಮೆಯ ಬೆಳವಣಿಗೆ? ಲೈಕ್ ಒತ್ತಿ, ಶೇರ್ ಮಾಡಿ, ಹೋಗಬೇಡಿ, ಇನ್ನೂ ಇದೆ ಅಂತ ಬೇಡಬೇಕು. ಒಂದು ವಾರ ತಪ್ಪಿಸಿದರೆ ರೀಚ್, ಅಂದರೆ ತಲುಪುವ ಜನರ ಲೆಕ್ಕ, ಬೀಳುತ್ತದೆ ಅಂತ ಹೆದರಿಸಿಟ್ಟಿದ್ದಾರೆ, ಹಾಗಾಗಿ ಜ್ವರ ಬಂದರೂ ಲೈವ್. ಮಾಲು ಸರಿಯಿದೆಯಾ, ಹೇಳಿದ ದಿನಕ್ಕೆ ತಲುಪಿತಾ, ಕೆಟ್ಟರೆ ವಾಪಸ್ ತಗೋತೀಯಾ ಅನ್ನುವುದು ಯಾರಿಗೂ ಬೇಡ. ನನಗಂತೂ ಸಾಕಾಗಿದೆ.

ಆ ಏಳನೆಯ ಟಿಂಗ್ ಅಂತ ಹೇಳಿದೆನಲ್ಲ, ಅದನ್ನು ಒತ್ತಿದೆ. ಲೈವ್ ಬಂದವರು 'ಬೈ ಫ್ರೆಂಡ್ಸ್, ಲವ್ ಯೂ ಆಲ್' ಅಂತ ಹೇಳಿ ಮುಗಿಸುತ್ತಿದ್ದರು. ಮುಗಿಸಿದೆ ಅಂದುಕೊಂಡರು ಪಾಪ, ಆಫ್ ಆಗಿರಲಿಲ್ಲ. ನಗು ಒಮ್ಮೆಲೇ ಇಳಿಯಿತು. ಒಂದು ಲೈಟ್ ಆರಿಸಿದರು. ಮೇಜಿನ ಮೇಲಿದ್ದದ್ದನ್ನೆಲ್ಲ ಒಂದೊಂದಾಗಿ ಮಡಿಸಿ ಪೆಟ್ಟಿಗೆಗೆ ಹಾಕಿದರು, ಒಂದರ ಅಂಚಿನಲ್ಲಿ ನೂಲು ಬಿಟ್ಟಿತ್ತೇನೋ, ಹಲ್ಲಿನಲ್ಲಿ ಕಚ್ಚಿ ಕಿತ್ತರು, ಬೆಳಕಿಗೆ ಹಿಡಿದು ನೋಡಿದರು. ಆಕಳಿಸಿದರು. ಎಷ್ಟು ಚೆನ್ನಾಗಿ ಮಡಿಸುತ್ತಾರೆ ಅಂತ ನೋಡುತ್ತಾ ಕೂತೆ.

ನಾಲ್ಕು ಇದ್ದ ಜನ ಅಷ್ಟು ಹೊತ್ತಿಗೆ ಇಪ್ಪತ್ತೊಂದು ಆಗಿದ್ದರು. ಬೆಲೆ ಎಷ್ಟು ಅಂತ ಯಾರೋ ಕೇಳಿದ್ದರು.