ಎಲ್ರೂ ಬನ್ನಿ, ಮೆಟ್ಟಿಲು ಹತ್ತಿ ಬನ್ನಿ

ನಮ್ಮ ಊರಿಗೆ ಈಗ ಹೊಸ ಮರ್ಲು ಹಿಡಿದಿದೆ ಮಾರಾಯ್ರೆ, ಎಂತ ಕಾರ್ಯಕ್ರಮ ಮಾಡಿದ್ರೂ ಎದುರಿಗೆ "ಸರ್ವರಿಗೂ" ಅಂತ ಒಂದು ಸೇರಿಸ್ಲೇಬೇಕು. ಸರ್ವರಿಗೂ ಯೋಗ, ಸರ್ವರಿಗೂ ಝುಂಬಾ, ಸರ್ವರಿಗೂ ವಾಕಥಾನ್. ಫ್ಲೆಕ್ಸ್ ತುಂಬ ಅತಿಥಿಗಳ ಮಂಡೆ, ಮೂಲೆಯಲ್ಲಿ ಸಣ್ಣದಾಗಿ ಒಂದು ವೀಲ್‌ಚೇರಿನ ಚಿತ್ರ. ಆ ಫ್ಲೆಕ್ಸ್ ಕಟ್ಟಿದ್ದು ಎಲ್ಲಿ ಕೇಳಿ, ಫುಟ್‌ಪಾತಿಗೆ ಅಡ್ಡ. ವೀಲ್‌ಚೇರಿನವರು ಅದನ್ನು ಓದ್ಬೇಕಾದ್ರೆ ರಸ್ತೆಗೆ ಇಳಿದು, ಹಿಂದಿಂದ ಬರುವ ಸಿಟಿ ಬಸ್ಸಿನ ಹಾರ್ನ್ ಕೇಳ್ತಾ ಓದ್ಬೇಕು.

ಮೊನ್ನೆ ಹೀಗೇ ಒಂದು ವಾಕಥಾನ್ ಇತ್ತು, ಬೀಚಲ್ಲಿ. ಯಾಕೆ ಬೀಚು ಅಂತ ಕೇಳಿದ್ದಕ್ಕೆ ಸಂಘಟಕರು ಡ್ರೋನಲ್ಲಿ ಫೋಟೋ ಒಳ್ಳೇದು ಬರ್ತದೆ ಅಂದ್ರು. ಸರಿ, ಫೋಟೋ ಬರ್ತದೆ, ಆದ್ರೆ ಮರಳಲ್ಲಿ ವೀಲ್‌ಚೇರು ಬರ್ಬೇಕಲ್ಲ, ಎದುರಿನ ಎರಡು ಸಣ್ಣ ಚಕ್ರ ಮರಳಿಗೆ ಇಳಿದ ಕೂಡ್ಲೇ ಹೂತು ಹೋಗ್ತವೆ, ಹಿಂದಿನ ದೊಡ್ಡ ಚಕ್ರವನ್ನು ಎಷ್ಟು ತಿರುಗಿಸಿದ್ರೂ ಅದು ಗುಂಡಿ ತೋಡ್ತದೆಯೇ ಹೊರತು ಮುಂದೆ ಹೋಗುದಿಲ್ಲ. ಪರಿಚಯದ ಅಣ್ಣ ಒಬ್ರು ಹಾಗೆ ಕೂತಲ್ಲೇ ಬೆವರುವಾಗ ನಾಲ್ಕು ಜನ ಸ್ವಯಂಸೇವಕರು ಓಡಿ ಬಂದು, ಅವರ ಹತ್ರ ಒಂದು ಮಾತೂ ಕೇಳದೆ, ಕುರ್ಚಿ ಸಮೇತ ಎತ್ತಿದ್ರು. ದೇವರ ಉತ್ಸವ ಹೊರಟ ಹಾಗೆ ಮೆರವಣಿಗೆ, ಎದುರಿಂದ ನಾಸಿಕ್ ಬ್ಯಾಂಡ್ ಬೇರೆ. ಫಿನಿಶ್ ಲೈನಲ್ಲಿ ಇಳಿಸಿ ಕೊರಳಿಗೆ ಮೆಡಲ್ ಹಾಕಿದ್ರು. "ಎಕ್ಸರ್ಸೈಜ್ ಆದದ್ದು ಅವ್ರಿಗೆ, ಮೆಡಲ್ ಮಾತ್ರ ನಂಗೆ" ಅಂದ್ರು ಆ ಅಣ್ಣ. ಹೊತ್ತವರು ಅಷ್ಟೊತ್ತಿಗೆ ಬನ್ಸ್ ಇದ್ದ ಕಡೆಗೆ ಹೋಗಿ ಆಗಿತ್ತು.

ಅಲ್ಲಿಗೆ ಮುಗೀತಾ, ಇಲ್ಲ, ಸನ್ಮಾನ ಉಂಟಲ್ಲ. ನಮ್ಮಲ್ಲಿ ಅಂಗವಿಕಲರಿಗೆ ವ್ಯಾಯಾಮ ಕಾರ್ಯಕ್ರಮ ಅಂದ್ರೆ ಬೇರೆಯವರು ಓಡುದು, ಇವರಿಗೆ ಶಾಲು ಹೊದಿಸುದು. ವೇದಿಕೆ ಮೂರು ಅಡಿ ಎತ್ತರ. ರ‍್ಯಾಂಪಿನ ಲೆಕ್ಕ ಗೊತ್ತಿದ್ದವರು ಹೇಳ್ತಾರೆ, ಒಂದು ಅಡಿ ಏರ್ಲಿಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಹಾಗಾದ್ರೆ ಮೂರಕ್ಕೆ ಮೂವತ್ತಾರು. ಶಾಮಿಯಾನದವ್ರು ಕೊಟ್ಟದ್ದು ಒಂದು ಪ್ಲೈವುಡ್ ಹಲಗೆ, ಆರು ಅಡಿ ಇದ್ರೆ ಹೆಚ್ಚು. ಅದರಲ್ಲಿ ಹತ್ತುದಲ್ಲ, ಜಾರ್ಲಿಕ್ಕೂ ಧೈರ್ಯ ಬೇಕು. ಮತ್ತೆ ಅದೇ ನಾಲ್ಕು ಜನ, ಮತ್ತೆ ಎತ್ತುದು. ಹೊದಿಸಿದ ಶಾಲಿನ ತುದಿ ಚಕ್ರದ ಕಡ್ಡಿಗೆ ಸುತ್ತಿಕೊಂಡು, ಇಳಿಯುವಾಗ ಕುತ್ತಿಗೆ ಎಳೆದು, ಫೋಟೋಗ್ರಾಫರ್ "ಸರ್ ಸ್ವಲ್ಪ ನಗಿ" ಅಂದ.

ಇನ್ನು ಯೋಗ ದಿನ. 2015ರಿಂದ ಪ್ರತಿ ವರ್ಷ ಜೂನ್ 21ಕ್ಕೆ ಬರ್ತದೆ, ನಮ್ಮ ಕರಾವಳಿಯಲ್ಲಿ ಅಷ್ಟೊತ್ತಿಗೆ ಮಳೆ ಹೇಗಿರ್ತದೆ ಅಂತ ನಿಮಗೆ ಹೇಳ್ಬೇಕಾ, ಆದ್ರಿಂದ ಕಾರ್ಯಕ್ರಮ ಮೈದಾನದಿಂದ ಹಾಲಿಗೆ ಶಿಫ್ಟ್. ಹಾಲ್ ಎರಡನೇ ಮಹಡಿಯಲ್ಲಿ, ಲಿಫ್ಟ್ ರಿಪೇರಿ. ಹೇಗೋ ಹತ್ತಿ ಹೋದವರಿಗೆ ಗುರುಗಳು ಮೈಕಲ್ಲಿ, "ನನ್ನನ್ನೇ ನೋಡಿ, ನಾನು ಮಾಡಿದ ಹಾಗೆ ಮಾಡಿ" ಅಂತಾರೆ, ಎದುರಿನ ಸಾಲಲ್ಲಿ ಕೂತವರು ಕಣ್ಣು ಕಾಣದ ಮಕ್ಕಳು. ಐದು ನಿಮಿಷ ಬಿಟ್ಟು "ಈಗ ಕಣ್ಣು ಮುಚ್ಚಿ, ನನ್ನ ಧ್ವನಿ ಮಾತ್ರ ಕೇಳಿ" ಅಂತಾರೆ, ಎರಡನೇ ಸಾಲಲ್ಲಿ ಕಿವಿ ಕೇಳದವರು. ಸನ್ನೆ ಭಾಷೆಯವರು ಎಲ್ಲಿ ಅಂದ್ರೆ ಬಜೆಟ್ ಇಲ್ಲ ಅಂತೆ. ಸ್ಮರಣಿಕೆಗೆ ಇತ್ತು.

ಕಾನೂನು ಇಲ್ವಾ ಅಂದ್ರೆ ಉಂಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯ ಹೇಳ್ತದೆ, ಅದರ 30ನೇ ಸೆಕ್ಷನ್ ಕ್ರೀಡೆಗೇ ಮೀಸಲು, ಇವರು ಭಾಗವಹಿಸುವ ಹಾಗೆ ಕಾರ್ಯಕ್ರಮಗಳನ್ನೇ ಬದಲಾಯಿಸ್ಬೇಕು, ಜಾಗ ಸೌಲಭ್ಯವನ್ನೂ ಸರಿ ಮಾಡ್ಬೇಕು ಅಂತ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಅಂಗವೈಕಲ್ಯ ಇರುವ ವಯಸ್ಕರಿಗೂ ವಾರಕ್ಕೆ 150ರಿಂದ 300 ನಿಮಿಷ ಮೈ ಬಗ್ಗಿಸುವ ಚಟುವಟಿಕೆ ಒಳ್ಳೇದು ಅಂತ ಹೇಳಿತು. ನಮ್ಮವರು ಅದನ್ನು ಸ್ವಲ್ಪ ಅಡ್ಜಸ್ಟ್ ಮಾಡಿದ್ದಾರೆ, ವಾರಕ್ಕೆ ಬದಲು ವರ್ಷಕ್ಕೆ, ಅದೂ ಡಿಸೆಂಬರ್ 3ಕ್ಕೆ, ವಿಶ್ವ ಅಂಗವಿಕಲರ ದಿನ. ಅವತ್ತು ಭಾಷಣ ಎಲ್ಲ ಕಳೆದು ಉಳಿದ ಹೊತ್ತಲ್ಲಿ ಮ್ಯೂಸಿಕಲ್ ಚೇರ್ ಇಡ್ತಾರೆ. ಸ್ವಂತ ಕುರ್ಚಿ ತಂದವರನ್ನು ಔಟ್ ಮಾಡುದು ಹೇಗೆ ಅಂತ ತೀರ್ಪುಗಾರರಿಗೆ ಮಂಡೆ ಬಿಸಿ.

ಪ್ಯಾರಿಸ್ ಪ್ಯಾರಾಲಿಂಪಿಕ್ಸಲ್ಲಿ 2024ರಲ್ಲಿ ನಮ್ಮವರು 29 ಪದಕ ತಂದಾಗ ಎಲ್ಲರ ಸ್ಟೇಟಸ್ಸಲ್ಲೂ ತಿರಂಗಾ. ಆದ್ರೆ ಆ ಆಟಗಳೆಲ್ಲ ಆಕಾಶದಿಂದ ಬಿದ್ದದ್ದಲ್ಲ. ಕೂತು ಆಡುವ ವಾಲಿಬಾಲಿಗೆ ನೆಟ್ ಕೆಳಗೆ ಇಳಿಸ್ತಾರೆ, ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05. ಗೋಲ್‌ಬಾಲಿನ ಚೆಂಡೊಳಗೆ ಗೆಜ್ಜೆ ಇರ್ತದೆ, ಕಾಣದವರು ಸದ್ದು ಹಿಡಿದು ಆಡ್ತಾರೆ. ಕಣ್ಣು ಕಾಣದ ಓಟಗಾರರೂ ಗೈಡೂ ಒಂದು ತುಂಡು ಹಗ್ಗ ಹಿಡಿದು ಒಟ್ಟಿಗೆ ಓಡ್ತಾರೆ. ಒಂದು ತುಂಡು ಹಗ್ಗಕ್ಕೆ ಟೆಂಡರ್ ಕರೀಲಿಕ್ಕಾಗುದಿಲ್ಲ, ಬಹುಶಃ ಅದೇ ಸಮಸ್ಯೆ.

ಪಾರ್ಕಿನ ಕಥೆ ಕೇಳ್ಬೇಡಿ. ಬೈಕ್ ಬರ್ಬಾರದು ಅಂತ ಗೇಟಲ್ಲಿ ಕಬ್ಬಿಣದ ಪೈಪು ನೆಟ್ಟಿದ್ದಾರೆ, ಬೈಕಿನವ್ರು ಸ್ವಲ್ಪ ವಾಲಿಸಿ ಆರಾಮಾಗಿ ಒಳಗೆ ಹೋಗ್ತಾರೆ, ವೀಲ್‌ಚೇರು ಹೊರಗೆ. ಓಪನ್ ಜಿಮ್ಮಲ್ಲಿ ಹೆಚ್ಚಿನ ಮೆಷಿನಿಗೆಲ್ಲ ಮೊದಲು ಹತ್ತಿ ನಿಲ್ಬೇಕು. ಆ ಅಣ್ಣ ಕೇಳುದು ಇಷ್ಟೇ, "ಶಾಲು ಬೇಡ, ಸಂಜೆ ಎಲ್ರ ಒಟ್ಟಿಗೆ ಒಂದು ಗಂಟೆ ಬಾಲ್ ಬಿಸಾಡ್ಲಿಕ್ಕೆ ಜಾಗ, ಒಳಗೆ ಹೋಗ್ಲಿಕ್ಕೆ ಆಗುವ ಒಂದು ಟಾಯ್ಲೆಟ್." ಸಮಿತಿಯವ್ರು ಬರ್ಕೊಂಡ್ರು, "ಶಾಲು ಬದಲು ಪೇಟ" ಅಂತ.

ಮುಂದಿನ ವರ್ಷದ ಮೀಟಿಂಗೂ ಆಯ್ತು. ಈ ಸಲ ಹೊಸತು ಎಂತಾದ್ರೂ ಬೇಕು ಅಂತ "ಸರ್ವರಿಗೂ ಟ್ರೆಕ್ಕಿಂಗ್", ಬೆಳ್ತಂಗಡಿಯ ಗಡಾಯಿಕಲ್ಲಿಗೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲು ಉಂಟಲ್ಲ ಸರ್ ಅಂತ ಹಿಂದಿನ ಸಾಲಿಂದ ಯಾರೋ ಹೇಳಿದ್ರು. ಅಧ್ಯಕ್ಷರು ಸ್ವಲ್ಪ ಯೋಚನೆ ಮಾಡಿ, ಹಾಗಾದ್ರೆ ಎತ್ಲಿಕ್ಕೆ ಎಂಟು ಜನ ಇರ್ಲಿ ಅಂದ್ರು.