ಗೌಡ ಇನ್ನೂ ಸತ್ತಿಲ್ಲ

ನಮ್ಮ ಗಲ್ಲಿಯ ಗಣಪತಿ ಮಂಟಪದಲ್ಲಿ ಮಕ್ಕಳಿಗೆ ರಸಪ್ರಶ್ನೆ ನಡೆದಿತ್ತು. ನಾನು ಪ್ರಸಾದ ತಿಂದು, ಕೈ ಒರೆಸಿಕೊಳ್ಳಲು ಕಾಗದ ಹುಡುಕುತ್ತ ನಿಂತಿದ್ದೆ. "ಆಸ್ಕರ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಯಾರು?" ಅಂತ ಮೈಕಿನಲ್ಲಿ ಕೇಳಿದರು. ಎರಡು ಜಡೆಯ ಹುಡುಗಿಯೊಬ್ಬಳು ಕೈ ಎತ್ತಿ "ಭಾನು ಅಥೈಯಾ" ಅಂದಳು. "ತಪ್ಪು!" ಪಕ್ಕದ ಹುಡುಗ "ಎ.ಆರ್. ರೆಹಮಾನ್" ಅಂದ. ಚಪ್ಪಾಳೆಯೋ ಚಪ್ಪಾಳೆ. ಸ್ಟೀಲಿನ ಊಟದ ಡಬ್ಬಿ ಅವನ ಪಾಲಾಯಿತು.

ನನಗೆ ತಡೆಯಲಾಗಲಿಲ್ಲ. ಮೈಕು ಹಿಡಿದವರ ಹತ್ತಿರ ಹೋಗಿ, "ಆ ಹುಡುಗಿ ಹೇಳಿದ್ದ ಖರೆ ಐತ್ರಿ" ಅಂದೆ. ಅವರು ಹಾಳೆ ತೋರಿಸಿದರು. "ಇದರಾಗ ರೆಹಮಾನ್ ಅಂತ ಐತ್ರಿ ಸರ." ಹಾಳೆಯೇ ತಪ್ಪು ಅಂದೆ. "ಇರ್ಲಿ ಬಿಡ್ರಿ ಸರ, ಹುಡುಗೂರ ಕಾರ್ಯಕ್ರಮ. ಇಷ್ಟ್ಯಾಕ ಸಿಟ್ಟಿಗೇಳ್ತೀರಿ?"

ಹುಡುಗರ ಕಾರ್ಯಕ್ರಮ ಅಂತಲೇ ಸಿಟ್ಟು. ದೊಡ್ಡವರಿಗೆ ತಪ್ಪು ಹೇಳಿದರೆ ಹೆಚ್ಚೇನೂ ಕೆಡುವುದಿಲ್ಲ. ನಮ್ಮ ತಲೆ ಆಗಲೇ ಕೆಟ್ಟಿರುತ್ತದೆ. ಗೆಲ್ಲುವುದು ಅಂದರೆ ಏನು ಅನ್ನುವುದರ ಬಗ್ಗೆ ಅವತ್ತು ರಾತ್ರಿ ನನಗೊಂದು ದೊಡ್ಡ ವಿಚಾರ ಹೊಳೆಯಿತು. ಅದನ್ನು ಹೇಳಲೆಂದೇ ಈಗ ಬರೆಯಲು ಕೂತಿದ್ದೇನೆ. ಅದಕ್ಕೂ ಮೊದಲು ಆ ಹೆಣ್ಣುಮಗಳ ವಿಷಯ ಸ್ವಲ್ಪ.

ಭಾನು ಅಥೈಯಾ ಕೊಲ್ಲಾಪುರದವರು. ಇಲ್ಲಿಂದ ಸಂಕೇಶ್ವರ, ನಿಪ್ಪಾಣಿ ದಾಟಿದರೆ ಆಯಿತು. ಬೆಳಗಾವಿಯ ಜನ ಮಹಾಲಕ್ಷ್ಮಿ ದರ್ಶನಕ್ಕೆ ಅಲ್ಲಿಗೆ ಹೋಗುತ್ತಾರೆ, ಬರುವಾಗ ಚಪ್ಪಲಿ ತರುತ್ತಾರೆ. ಆ ಊರಿನವರಿಗೆ ಆಸ್ಕರ್ ಬಂದಿದೆ ಅನ್ನುವುದು ಮಾತ್ರ ಯಾರಿಗೂ ಬೇಡ. ಅವರು ಹುಟ್ಟಿದ್ದು 1929ರ ಏಪ್ರಿಲ್ 28ಕ್ಕೆ. ಮೊದಲ ಆಸ್ಕರ್ ಸಮಾರಂಭ ನಡೆದದ್ದು ಅದೇ ವರ್ಷ ಮೇ 16ಕ್ಕೆ. ಅಂದರೆ ವಯಸ್ಸಿನಲ್ಲಿ ಆ ಸಮಾರಂಭಕ್ಕಿಂತ ಈಯಮ್ಮನೇ ದೊಡ್ಡವರು! 1983ರಲ್ಲಿ 'ಗಾಂಧಿ' ಚಿತ್ರದ ಉಡುಪು ವಿನ್ಯಾಸಕ್ಕೆ ಜಾನ್ ಮೊಲ್ಲೊ ಅವರ ಜೊತೆ ಪ್ರಶಸ್ತಿ ಬಂತು. ಸತ್ಯಜಿತ್ ರಾಯ್ ಅವರಿಗೆ ಗೌರವ ಆಸ್ಕರ್ ಸಿಕ್ಕಿದ್ದು 1992ರಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ. ರೆಹಮಾನ್ ಗೆದ್ದದ್ದು 2009ರಲ್ಲಿ, ಒಂದೇ ರಾತ್ರಿ ಎರಡು. ನನಗೆ ರೆಹಮಾನರ ಮೇಲೆ ಏನೂ ಸಿಟ್ಟಿಲ್ಲ. ಅವರೇ ಆ ಮಂಟಪದಲ್ಲಿ ಇದ್ದಿದ್ದರೆ ಡಬ್ಬಿ ಆ ಹುಡುಗಿಗೇ ಕೊಡಿಸುತ್ತಿದ್ದರು.

ಅಥೈಯಾ ಅವರು 2012ರಲ್ಲಿ ತಮ್ಮ ಆಸ್ಕರನ್ನು ಅಮೆರಿಕದ ಅಕಾಡೆಮಿಗೇ ಹಿಂದಿರುಗಿಸಿದರು. ತಮ್ಮ ಕಾಲ ಮುಗಿದ ಮೇಲೆ ಇಲ್ಲಿ ಅದನ್ನು ಜೋಪಾನ ಮಾಡುವವರು ಯಾರು ಅನ್ನುವ ಚಿಂತೆ. ಅವರ ಚಿಂತೆ ತಪ್ಪು ಅನ್ನಲು ನನಗೆ ಬಾಯಿಲ್ಲ. ಅವರ ಹೆಸರು ಹೇಳಿದ ಹುಡುಗಿಯ ಕೈಗೆ ಒಂದು ಊಟದ ಡಬ್ಬಿ ಕೂಡ ಸಿಗಲಿಲ್ಲವಲ್ಲ.

ಇನ್ನು ಸಮಾರಂಭ. ಅದು ನಮಗೆ ಸೋಮವಾರ ಬೆಳಿಗ್ಗೆ ಬರುತ್ತದೆ, ನೀರು ಕಾಯಿಸುವ ಹೊತ್ತಿಗೆ. ಮುಗಿಯಲು ಮೂರು ತಾಸಿಗೂ ಜಾಸ್ತಿ ಬೇಕು. 1929ರಲ್ಲಿ ಒಂದು ಹೋಟೆಲಿನಲ್ಲಿ ಊಟ ಹಾಕಿ, ಸುಮಾರು ಕಾಲು ತಾಸಿನಲ್ಲಿ ಎಲ್ಲ ಬಹುಮಾನ ಹಂಚಿ ಮುಗಿಸಿದ್ದರಂತೆ. ಗೆದ್ದವರ ಹೆಸರು ಮೂರು ತಿಂಗಳ ಹಿಂದೆಯೇ ಎಲ್ಲರಿಗೂ ಗೊತ್ತಿತ್ತು. ಅತ್ಯುತ್ತಮ ನಟ ಎಮಿಲ್ ಯಾನಿಂಗ್ಸ್ ಸಮಾರಂಭಕ್ಕೆ ಮೊದಲೇ ಆಸ್ಕರ್ ಬೊಂಬೆ ಇಸಕೊಂಡು ಯೂರೋಪಿಗೆ ಹೊರಟು ಹೋಗಿದ್ದರು. ಇದಕ್ಕಿಂತ ಒಳ್ಳೆಯ ಪದ್ಧತಿ ಇದೆಯಾ? ಈಗ ನೋಡಿ. ಗೆದ್ದವರಿಗೆ 45 ಸೆಕೆಂಡು. ವಕೀಲರು, ಏಜೆಂಟರು ಎಲ್ಲರಿಗೂ ಅದರಲ್ಲೇ ವಂದನೆ. ಬಟ್ಟೆ ಹೊಲಿದ ದರ್ಜಿಯ ಹೆಸರು ಮಾತ್ರ ನಾನು ಕೇಳಿಲ್ಲ. ಸಮಯ ಮೀರಿದರೆ ವಾದ್ಯ ಬಾರಿಸಿ ಬಾಯಿ ಮುಚ್ಚಿಸುತ್ತಾರೆ. 2023ರಲ್ಲಿ ಮುದುಮಲೈ ಆನೆಮರಿಗಳ ಸಾಕ್ಷ್ಯಚಿತ್ರ ಗೆದ್ದಾಗ ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್ ಮಾತಾಡಿದರು. ನಿರ್ಮಾಪಕಿ ಗುನೀತ್ ಮೊಂಗಾ ಅವರ ಸರದಿ ಬರುವಷ್ಟರಲ್ಲಿ ವಾದ್ಯ ಶುರು. ನಮ್ಮ ಕಡೆ ಹೀಗೆ ಮಾಡಿದ್ದರೆ ವಾದ್ಯದವರಿಗೆ ಊಟ ಹಾಕುತ್ತಿರಲಿಲ್ಲ.

ನಮ್ಮ ಕಡೆ ಅಂದಾಗ ಸೋದರಮಾವನ ನೆನಪಾಯಿತು. ಅವರು ಬೈಲಹೊಂಗಲ ಕಡೆಯವರು. ಹರೆಯದಲ್ಲಿ ಜಾತ್ರೆಯ ನಾಟಕಗಳಿಗೆ ಕಾಯಂ ಖಳನಾಯಕ. ಮೀಸೆ ಸ್ವಂತದ್ದು, ಬಂದೂಕು ಕಟ್ಟಿಗೆಯದು. ಅಲ್ಲಿ ಬಹುಮಾನಕ್ಕೆ ವರ್ಷಗಟ್ಟಲೆ ಕಾಯುವ ಪದ್ಧತಿ ಇರಲಿಲ್ಲ. ನಾಟಕ ನಡೆದಾಗಲೇ, ಮೆಚ್ಚಿದವರು ಸ್ಟೇಜಿಗೆ ನೋಟು ಕಳಿಸುತ್ತಿದ್ದರು. ಆಗ ಎಲ್ಲರೂ ಇದ್ದಲ್ಲೇ ನಿಲ್ಲಬೇಕು. ಕೊಟ್ಟವರ ಹೆಸರು, ಅವರಪ್ಪನ ಹೆಸರು, ಓಣಿ, ಮೊತ್ತ ಎಲ್ಲವನ್ನೂ ಮೈಕಿನಲ್ಲಿ ಓದಬೇಕು. ನೋಟನ್ನು ಅಂಗಿಗೆ ಪಿನ್ನಿನಿಂದ ಚುಚ್ಚಬೇಕು. ಪಾತ್ರಧಾರಿ ಕೈ ಮುಗಿದ ಮೇಲೆ ಪೇಟಿ ಮಾಸ್ತರರು ಸುರ ಹಿಡಿಯುತ್ತಿದ್ದರು. ನಾಟಕ ಮುಂದಕ್ಕೆ.

ಒಂದು ವರ್ಷ ಮಾವನದು ದುಷ್ಟ ಗೌಡನ ಪಾರ್ಟು. ಬಡ ವಿಧವೆಯ ಹೊಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ದೃಶ್ಯ. ಮಾವ ಆಕೆಯ ಕೈ ಹಿಡಿದೆಳೆದು "ಒತ್ತು!" ಅಂತ ಗುಡುಗಿದ್ದಾರೆ. ಅಷ್ಟರಲ್ಲಿ ಮೈಕು, "ಗೌಡರ ಪಾತ್ರ ಮೆಚ್ಚಿ ಮ್ಯಾಲಿನ ಓಣಿಯವರಿಂದ ಐದು ರೂಪಾಯಿ!" ಮಾವ ಕೈ ಬಿಟ್ಟು, ವಿಧವೆಯ ಪಕ್ಕದಲ್ಲೇ ನಿಂತು ಮೂರು ದಿಕ್ಕಿಗೂ ನಮಸ್ಕಾರ ಮಾಡಿ, ಮತ್ತೆ ಕೈ ಹಿಡಿದರು. ವಿಧವೆ ಪಾಪ, ಅಳುವ ಮುಖವನ್ನು ಹಾಗೇ ಇಟ್ಟುಕೊಂಡು ಕಾದಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ನಾಯಕನ ಪಾರ್ಟಿನವನು ಕೆಳಗಿನ ಓಣಿಯವನು. ಅವರು ಬಿಡುತ್ತಾರಾ? "ನಾಯಕರಿಗೆ ಹತ್ತು ರೂಪಾಯಿ!" ಆದರೆ ಆ ದೃಶ್ಯದಲ್ಲಿ ನಾಯಕ ಇಲ್ಲವೇ ಇಲ್ಲ. ಅವನು ಹಿಂದೆ ಚಹಾ ಕುಡಿಯುತ್ತಿದ್ದ. ಬಹುಮಾನ ಬಂದ ಮೇಲೆ ಬರಲೇಬೇಕಲ್ಲ. ಬಾಯಿ ಒರೆಸಿಕೊಳ್ಳುತ್ತ ಗೌಡನ ವಾಡೆಯೊಳಗೇ ಬಂದು ನಿಂತ. ನೋಟು ಚುಚ್ಚಿದರು. ಎದುರಿಗೆ ವಿಧವೆ ಅಳುತ್ತಿದ್ದಾಳೆ. ಜನ ಒಂದೇ ಸಮನೆ "ಬಿಡಸೋ ಅಕಿನ್ನ!" ಅಂತ ಕೂಗಿದರು. ನಾಯಕ ಪರದೆಯ ಕಡೆ ನೋಡಿದ. ಅಲ್ಲಿಂದ ನಾಟಕ ಕಲಿಸಿದ ಮಾಸ್ತರರು ಬೇಡ ಅಂತ ಕೈ ಆಡಿಸಿದರು. ಬಿಡಿಸುವುದು ಮೂರನೇ ಅಂಕದಲ್ಲಿ. ನಾಯಕ ವಿಧವೆಗೂ ಒಂದು ನಮಸ್ಕಾರ ಮಾಡಿ, ಚಹಾ ಮುಗಿಸಲು ಒಳಗೆ ಹೋದ.

ಆಮೇಲೆ ಗೌಡನಿಗೆ ಹದಿನೈದು, ನಾಯಕನಿಗೆ ಇಪ್ಪತ್ತು. ಗೌಡನ ಆಳಿಗೂ ಎರಡು ರೂಪಾಯಿ ಬಂತು. ಅವನಿಗೆ ಇಡೀ ನಾಟಕದಲ್ಲಿ ಮಾತೇ ಇರಲಿಲ್ಲ. ಎರಡನೇ ಅಂಕ ಮುಗಿಯುವಷ್ಟರಲ್ಲಿ ಪೂರ್ವಕ್ಕೆ ಕೆಂಪಾಗಿತ್ತು. ವಿಧವೆ, ನಾಯಕಿ ಇಬ್ಬರೂ ಬೇರೆ ಊರಿನ ಕಲಾವಿದೆಯರು, ಒಂದು ರಾತ್ರಿಗೆ ಮಾತಾಡಿ ಕರೆಸಿದ್ದು. ರಾತ್ರಿ ಮುಗಿಯಿತು ಅಂದರು, ಬಣ್ಣ ತೊಳೆದುಕೊಂಡರು, ಮೊದಲ ಬಸ್ಸಿಗೆ ಹೋದರು. ಕೊನೆಯ ದೃಶ್ಯದಲ್ಲಿ ನಾಯಕ ಗೌಡನನ್ನು ಕೊಲ್ಲಬೇಕಿತ್ತು. ಕೊಂದು ಯಾರನ್ನು ಬಿಡಿಸುವುದು? ಪರದೆ ಇಳಿಸಿದರು. ಲೆಕ್ಕ ಹಿಡಿದರೆ ಆ ಗೌಡ ಇನ್ನೂ ಸತ್ತಿಲ್ಲ. ಹೊಲವೂ ಅವನ ಹೆಸರಿನಲ್ಲೇ ಇದೆ.

ಎಲ್ಲಿದ್ದೆ? ಹಾಂ, ಗೆಲ್ಲುವುದು. ತಪ್ಪು ಎಲ್ಲರ ಕೈಯಲ್ಲೂ ಆಗುತ್ತದೆ, ಒಪ್ಪಿದೆ. 2017ರ ಆಸ್ಕರಿನಲ್ಲಿ ಅತ್ಯುತ್ತಮ ಚಿತ್ರದ ಹೆಸರು ಓದಲು ಬಂದ ನಟ ವಾರನ್ ಬೇಟಿ, ನಟಿ ಫೇ ಡನವೇ ಅವರ ಕೈಗೆ ತಪ್ಪು ಲಕೋಟೆ ಬಂತು. ಒಳಗಿದ್ದದ್ದು ಅತ್ಯುತ್ತಮ ನಟಿಯ ಚೀಟಿ. ಆಯಮ್ಮ ಅದರಲ್ಲಿದ್ದ 'ಲಾ ಲಾ ಲ್ಯಾಂಡ್' ಅನ್ನುವ ಹೆಸರನ್ನು ಓದಿಯೇಬಿಟ್ಟರು. ಆ ಚಿತ್ರದವರು ಬೊಂಬೆ ಹಿಡಿದು ವಂದನೆ ಹೇಳುತ್ತಿರುವಾಗ ತಪ್ಪು ಗೊತ್ತಾಯಿತು. ಆಗ ಅವರದೇ ನಿರ್ಮಾಪಕ ಜೋರ್ಡನ್ ಹೊರೊವಿಟ್ಜ್ ಮೈಕಿನ ಮುಂದೆ ಬಂದು, ಗೆದ್ದದ್ದು ನಾವಲ್ಲ, 'ಮೂನ್‌ಲೈಟ್' ಅಂತ ಹೇಳಿ, ಸರಿಯಾದ ಚೀಟಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಕೋಟಿಗಟ್ಟಲೆ ಜನ ನೋಡುತ್ತಿದ್ದರು. ಅವನು "ಇರ್ಲಿ ಬಿಡ್ರಿ" ಅನ್ನಲಿಲ್ಲ. ಇಲ್ಲಿ ನೋಡುತ್ತಿದ್ದವರು ಎಷ್ಟು ಜನ? ಮಕ್ಕಳು, ಅವರ ತಾಯಂದಿರು, ನಾನು, ಗಣಪತಿ.

ಆಸ್ಕರ್ ಕೈಗೆ ಸಿಕ್ಕವರಲ್ಲಿ ನನಗೆ ಎಲ್ಲರಿಗಿಂತ ಇಷ್ಟವಾದವನು ವಿಲ್ಲಿ ಫುಲ್ಜಿಯರ್. ಅವನು ಸಿನಿಮಾದವನಲ್ಲ. 2000ದಲ್ಲಿ, ಸಮಾರಂಭಕ್ಕೆ ಕೆಲವೇ ದಿನ ಇರುವಾಗ, ಸಾಗಿಸುತ್ತಿದ್ದ 55 ಬೊಂಬೆಗಳು ಕಳುವಾದವು. ಈ ಮನುಷ್ಯ ಬೇರೆಯವರು ಬಿಸಾಡಿದ ಸಾಮಾನಿನಲ್ಲಿ ಬದುಕು ನೋಡಿಕೊಳ್ಳುವವನು. ಲಾಸ್ ಏಂಜಲಿಸಿನ ಒಂದು ಕಸದ ತೊಟ್ಟಿಯ ಹತ್ತಿರ ಅವನಿಗೆ 52 ಸಿಕ್ಕವು. ವಾಲ್ಟ್ ಡಿಸ್ನಿಗೆ ಜೀವಮಾನವೆಲ್ಲ ದುಡಿದು ಬಂದದ್ದು 26. ಇವನಿಗೆ ಒಂದೇ ಏಟಿಗೆ ಸರಿಯಾಗಿ ಅದರ ಎರಡು ಪಟ್ಟು! ಎಲ್ಲವನ್ನೂ ಒಪ್ಪಿಸಿದ. 50,000 ಡಾಲರ್ ಇನಾಮು ಕೊಟ್ಟರು, ಸಮಾರಂಭಕ್ಕೂ ಕರೆದರು.

ಹೋದ ಸಲ ಊರಿಗೆ ಹೋದಾಗ ಮಾವನಿಗೆ ಇದನ್ನು ಹೇಳಿದೆ. ಈಗ ಮೀಸೆ ಪೂರಾ ಬೆಳ್ಳಗಾಗಿದೆ. ಎಲೆಗೆ ಸುಣ್ಣ ಹಚ್ಚುತ್ತ ಎಲ್ಲ ಕೇಳಿದರು.

"ಕಳುವಾದದ್ದು ಎಷ್ಟಂದಿ?"

"ಐವತ್ತೈದ್ರೀ ಮಾಮಾ."

"ಸಿಕ್ಕಿದ್ದು?"

"ಐವತ್ತೆರಡು."

"ಹೆಂಗೂ ಮೂರು ಕಡಿಮಿ ಇದ್ದೂವಲ್ಲೋ ತಮ್ಮಾ. ನಾಕಾಗಿದ್ರ ಯಾರಿಗೆ ಗೊತ್ತಾಕ್ಕಿತ್ತು?"