ವಿಡಿಯೋ ಕತ್ತರಿಸಿದ್ರ ಕೋರ್ಸ್ ಆಗಲ್ರಿ

ನಿನ್ನಿ ತೊಗರಿ ರೈತರ ಸಲುವಾಗಿ ಮಾಡಿದ ಒಂದು ಆನ್‌ಲೈನ್ ಕೋರ್ಸ್ ನೋಡಿ ಸಿಟ್ಟು ಬಂತು. ಬೀಜೋಪಚಾರದ (ಬಿತ್ತೋ ಮೊದಲ ರೋಗ ಬರದಂಗ ಬೀಜಕ್ಕ ಹಚ್ಚೋ ಉಪಚಾರ) ಪಾಠ, 52 ನಿಮಿಷದ ಒಂದೇ ವಿಡಿಯೋ. ಮೊದಲ 9 ನಿಮಿಷ ಸ್ವಾಗತ, ಪರಿಚಯ, ತೊಗರಿಯ ಮಹತ್ವ. ಕಲಬುರಗಿ ರೈತನಿಗೆ ತೊಗರಿ ಮಹತ್ವ ಹೇಳಬೇಕೇನ್ರಿ? 2019ರಾಗೇ ನಮ್ಮ ತೊಗರಿ ಬ್ಯಾಳಿಗೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಬಂದದ. ಅವನಿಗೆ ಬೇಕಾದದ್ದು, ಗಿಡ ಬಾಡಿ ಒಣಗಿಸೋ ನೆಟೆ ರೋಗ ತಡೀಲಿಕ್ಕೆ ಬೀಜಕ್ಕ ಏನು ಹಚ್ಚಬೇಕು, ಎಷ್ಟು, ಯಾವುದು ಮೊದಲ.

ಎಡ್‌ಎಕ್ಸ್ ಅನ್ನೋ ಆನ್‌ಲೈನ್ ಕೋರ್ಸ್ ತಾಣದ 69 ಲಕ್ಷ ವೀಕ್ಷಣೆ ಲೆಕ್ಕ ಹಾಕಿ 2014ರಾಗ ಬಂದ ಅಧ್ಯಯನದೊಳಗ, ವಿಡಿಯೋ ಎಷ್ಟೇ ಉದ್ದ ಇದ್ರೂ ನೋಡಿದ ಮಧ್ಯಮ ಸಮಯ 6 ನಿಮಿಷ ದಾಟಿಲ್ಲ. ಇದನ್ನ ಓದಿದವರು ಏನು ಮಾಡ್ತಾರ? ಅದೇ ಭಾಷಣ ಒಂಬತ್ತು ತುಂಡು ಮಾಡ್ತಾರ. ಕಲಿಯೋನ ಕೈ ಆಗಲೂ ಖಾಲಿನೇ!

ಕ್ಯಾಮೆರಾ ಹಚ್ಚೋ ಮೊದಲ ಪ್ರಶ್ನೆ ಬರೀರಿ. ಕೆಜಿ ಬೀಜಕ್ಕ ಟ್ರೈಕೋಡರ್ಮಾ (ರೋಗದ ಶಿಲೀಂಧ್ರ ತಡೆಯೋ ಒಳ್ಳೆ ಶಿಲೀಂಧ್ರ) 4 ಗ್ರಾಂ. ಹಂಗಾದ್ರ 5 ಕೆಜಿಗೆ ಎಷ್ಟು? 4, 20, 40 ಅಂತ ಮೂರು ಉತ್ತರ ಕೊಡ್ರಿ. 4 ಒತ್ತಿದವನಿಗೆ ಬರೀ ‘ತಪ್ಪು’ ಅಂದ್ರ ಅವ ಕಲಿಯೋದೇನು? ‘ಇದು ಒಂದು ಕೆಜಿ ಲೆಕ್ಕ, ಐದರಿಂದ ಗುಣಿಸ್ರಿ’ ಅಂತ ಅಲ್ಲೇ ಬರಬೇಕು. ತಪ್ಪು ಉತ್ತರ ಅಂದ್ರ ಮಂದಿ ನಿಜವಾಗಿ ಮಾಡೋ ತಪ್ಪೇ ಇರಬೇಕು, ಬಾಯಿಗೆ ಬಂದ ಅಂಕಿ ಅಲ್ಲ. ಆ ಪ್ರಶ್ನೆಗೆ ಉತ್ತರಿಸಲಿಕ್ಕೆ ಎಷ್ಟು ಬೇಕೋ ಅಷ್ಟೇ ವಿಡಿಯೋ, 4-5 ನಿಮಿಷ ಸಾಕು. ಮೂರು ದಿನ ಬಿಟ್ಟು ಅದೇ ಪ್ರಶ್ನೆ 7 ಕೆಜಿ ಅಂತ ಬದಲಿಸಿ ಮತ್ತ ಕೇಳ್ರಿ, ವಾರ ಬಿಟ್ಟು ಇನ್ನೊಮ್ಮೆ. ನೆನಪಿನಿಂದ ತೆಗೆದು ಹೇಳಿದ್ದು ಉಳೀತದ, ಎರಡು ಸಲ ನೋಡಿದ್ದು ಅಷ್ಟು ಉಳಿಯಲ್ಲ.

ಆಮೇಲೆ ಕೈಗೆಲಸ. ಉಪಚಾರ ಮಾಡಿದ ಬೀಜದ ಫೋಟೋ, ಇಲ್ಲಾ 30 ಸೆಕೆಂಡಿನ ವಾಯ್ಸ್ ಮೆಸೇಜ್ ಕಳಿಸಲಿ. ಎರಡು ದಿನದೊಳಗ ಯಾರಾದ್ರೂ ಉತ್ತರ ಕೊಡಲೇಬೇಕು. ಉತ್ತರ ಬರದ ಮನೆಗೆಲಸ ಇಟ್ಟಲ್ಲೇ ಕೋರ್ಸ್ ಮುಗೀತದ, ಮುಂದಿನ ವಾರ ಯಾರೂ ತೆಗೆಯಲ್ಲ.

‘ನಮ್ಮ ಕಡೆ ನೆಟ್‌ವರ್ಕ್ ಇಲ್ರಿ, ಮಂದಿಗೆ ಆಸಕ್ತಿನೂ ಇಲ್ಲ’ ಅಂತಾರ. ನೆಟ್‌ವರ್ಕ್ ಮಾತು ಖರೇ. ಅದಕ್ಕೇ ಆಡಿಯೋ ಮಾಡ್ರಿ: 64 ಕೆಬಿಪಿಎಸ್‌ನಾಗ 6 ನಿಮಿಷಕ್ಕ 3 ಎಂಬಿ ಒಳಗ ಬರ್ತದ, ಜೋಡಿ ಎರಡು ಫೋಟೋ. ಆಸಕ್ತಿ ಇಲ್ಲ ಅನ್ನೋದನ್ನ ಮಾತ್ರ ನಾ ಒಪ್ಪಲ್ಲ. ಹೊಲಕ್ಕ ದುಡ್ಡು ಹಾಕಿದ ಮನುಷ್ಯನಿಗೆ ಬೆಳಿ ಉಳಿಸೋದ್ರಾಗ ಆಸಕ್ತಿ ಇರಲ್ಲೇನು? ಬ್ಯಾಡ್ಜು, ನಕ್ಷತ್ರ, ಸರ್ಟಿಫಿಕೇಟು ಆಮೇಲೆ ನೋಡೋಣ.

ಟ್ರೈಕೋಡರ್ಮಾ ಮೊದಲ, ರೈಜೋಬಿಯಂ (ಗಿಡಕ್ಕ ಸಾರಜನಕ ಒದಗಿಸೋ ಜೀವಾಣು) ಆಮೇಲೆ, ನೆರಳಾಗ ಆರಿಸಬೇಕು. ಬಿಸಿಲಿಗೆ ಹಾಕಿದ್ರ ಹಚ್ಚಿದ ಜೀವಾಣು ಸಾಯ್ತಾವ, ಮಾಡಿದ್ದೆಲ್ಲಾ ನೀರಾಗ ಹೋದಂಗ. ಆ ವಿಡಿಯೋದಾಗ ಈ ಮಾತು ಬರೋದು 41ನೇ ನಿಮಿಷಕ್ಕ. ದಯವಿಟ್ಟು ಅದನ್ನ ಕಿತ್ತು ಮೊದಲ ನಿಮಿಷಕ್ಕ ತರ್ರಿ, ಬಿತ್ತನೆ ಶುರು ಆಗೋದ್ರೊಳಗ.